ನೌಕಾದಳದ ನಮ್ಮ ಅಜ್ಜ

ಎಂಬತ್ತೈದು ದಾಟಿ ಬಾಳಿ, ಕಳೆದ ವರ್ಷ ತೀರಿಕೊಂಡ ನನ್ನ ಅಜ್ಜ ಕಾರವಾರದವರು. ಯೌವನದಲ್ಲಿ ‘ಮೈಸೂರು’ ಯುದ್ಧನೌಕೆಯಲ್ಲಿ ನಾವಿಕರಾಗಿದ್ದರು. 1961ರ ಡಿಸೆಂಬರ್ 18ರಂದು, ಪೋರ್ಚುಗೀಸರ ವಶದಲ್ಲಿದ್ದ ಅಂಜದೀವ ದ್ವೀಪದಲ್ಲಿ ನಮ್ಮವರು ಇಳಿದಾಗ ಆ ನೌಕೆಯ ಫಿರಂಗಿಗಳು ಬೆಂಬಲವಿತ್ತವು. ದ್ವೀಪವೇನೋ ಕೈಸೇರಿತು, ನೌಕಾದಳದ ಏಳು ಮಂದಿ ಮರಳಲಿಲ್ಲ.

ನಿವೃತ್ತರಾದ ಮೇಲೆ ಅಜ್ಜನಿಗೆ ಮೊಮ್ಮಕ್ಕಳೇ ಪ್ರಪಂಚ. ಹಗ್ಗಕ್ಕೆ ಬಗೆಬಗೆಯ ಗಂಟು ಹಾಕುವುದನ್ನು ಕಲಿಸಿದರು. ಪಿಂಚಣಿಯಲ್ಲಿ ಉಳಿಸಿ ನಮ್ಮ ಶಾಲೆಯ ಶುಲ್ಕ ಕಟ್ಟಿದರು. ಯುದ್ಧದ ಕಥೆಯನ್ನು ಮಾತ್ರ ಹೇಳುತ್ತಿರಲಿಲ್ಲ. ಪ್ರತಿವರ್ಷವೂ ಆ ದಿನ ಮಧ್ಯಾಹ್ನದ ಊಟ ಬಿಡುತ್ತಿದ್ದರು. ಒಮ್ಮೆ ಕಾರಣ ಕೇಳಿದೆ.

“ಅವರೂ ಯಾರಿಗಾದರೂ ಅಜ್ಜಂದಿರಾಗಬೇಕಿತ್ತಲ್ಲ, ತಮ್ಮಾ” ಎಂದರು.

ದೀರ್ಘಾಯುಷ್ಯವನ್ನು ಅವರು ತಮ್ಮ ಗಳಿಕೆಯೆಂದು ಎಣಿಸಲಿಲ್ಲ. ಆ ಏಳು ಮಂದಿಯ ಪಾಲನ್ನೂ ಸೇರಿಸಿಯೇ ನಮ್ಮನ್ನು ಪ್ರೀತಿಸಿದರೆಂದು ನನಗೆ ತೋರುತ್ತದೆ.