ಹತ್ತಿಯ ಹೊಲಕ್ಕೂ ಒಂದು ಶಾಸನ ಬೇಕು

ಗದಗ-ಬೆಟಗೇರಿಯಿಂದ ಮುಳಗುಂದ ಹಾದು ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯುದ್ದಕ್ಕೂ ಎರಿ ಭೂಮಿ. ಶಿರಹಟ್ಟಿಯ ಫಕೀರೇಶ್ವರ ಮಠ ನೋಡಿಕೊಂಡು ಮುಂಡರಗಿಯತ್ತ ಹೊರಳಿದರೆ ಕಪ್ಪತಗುಡ್ಡ ಜೊತೆಗೂಡುತ್ತದೆ. ಬರುವಾಗ ಡಂಬಳದ ದೊಡ್ಡಬಸಪ್ಪನ ಗುಡಿ ಕಂಡು ಗದಗಿಗೆ ಮರಳಬಹುದು. ಈ ಸುತ್ತಿನಲ್ಲಿ ಮಕ್ಕಳಿಗೆ ಗುಡಿ, ಬಸದಿ, ಶಾಸನ ತೋರಿಸುವ ಪಾಲಕರು ದಾರಿ ಬದಿಯ ಹತ್ತಿಯ ಹೊಲವನ್ನೂ ತೋರಿಸಬೇಕು. ಅಲ್ಲಿಯೂ ಇತಿಹಾಸವಿದೆ, ಅದನ್ನು ಬರೆದಿಟ್ಟ ಕಲ್ಲು ಮಾತ್ರ ಇಲ್ಲ.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಶಾಸನಗಳು ದಾನ ಕೊಟ್ಟವರ ಹೆಸರನ್ನು ಇಂದಿಗೂ ಹೇಳುತ್ತಿವೆ. ಗದಗಿನ ಕುಮಾರವ್ಯಾಸ ತನ್ನ ಕಾವ್ಯದ ಕರ್ತೃತ್ವವನ್ನು ವೀರನಾರಾಯಣನಿಗೆ ಒಪ್ಪಿಸಿ ತಾನು ಬರೀ ಲಿಪಿಕಾರನೆಂದ. ಹಾಗೆ ಬಿಟ್ಟುಕೊಡುವುದು ಅವನ ದೊಡ್ಡತನ. ಹೊಸ ತಳಿ ಸೃಷ್ಟಿಸಿದವರು ಹಾಗೆ ಬಿಟ್ಟುಕೊಟ್ಟವರಲ್ಲ, ನಾವೇ ಅವರನ್ನು ಮರೆತಿದ್ದೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಹತ್ತಿ ಬೀಜ ಧಾರವಾಡ ಸೀಮೆಗೆ ಬಂದು ಇಲ್ಲಿಯ ಮಣ್ಣಿಗೆ ಒಗ್ಗಿತು. ಅದರಿಂದ ಆರಿಸಿ ಬೆಳೆಸಿದ ತಳಿಯೇ 'ಗದಗ-1'. ಅದನ್ನು ಕಾಂಬೋಡಿಯಾ ಹತ್ತಿಯೊಂದಿಗೆ ಕೂಡಿಸಿದಾಗ 'ಲಕ್ಷ್ಮಿ' ಹುಟ್ಟಿತು. ಲಕ್ಷ್ಮಿಯನ್ನು ತಾಯಿಯಾಗಿಟ್ಟು, ಬೇರೊಂದು ಪ್ರಭೇದದ ಉದ್ದ ಎಳೆಯ ಹತ್ತಿಯನ್ನು ತಂದೆಯಾಗಿಸಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು 1972ರಲ್ಲಿ ಹೊರತಂದದ್ದು 'ವರಲಕ್ಷ್ಮಿ'. ಎರಡು ಪ್ರಭೇದಗಳನ್ನು ಬೆಸೆದು ರೈತರ ಹೊಲಕ್ಕಿಳಿದ ಮೊದಲ ಹತ್ತಿ ಸಂಕರಣ ತಳಿ ಅದು. ಮುಂದೆ 1981ರಲ್ಲಿ ಡಿ.ಸಿ.ಎಚ್.-32, ಅಂದರೆ 'ಜಯಲಕ್ಷ್ಮಿ' ಬಂದಿತು. ಅದೂ ಅವರದೇ. ಡಿ.ಸಿ.ಎಚ್. ಎಂಬುದರಲ್ಲಿ ಧಾರವಾಡ ಉಳಿಯಿತು, ಕಟರಕಿಯವರ ಹೆಸರು ಉಳಿಯಲಿಲ್ಲ.

ಸಂಕರಣ ಬೀಜ ತಯಾರಿಸುವ ಕೆಲಸವನ್ನೂ ವಿದ್ಯಾರ್ಥಿಗಳು ತಿಳಿಯಬೇಕು. ಮರುದಿನ ಅರಳುವ ಮೊಗ್ಗಿನಿಂದ ಕೇಸರಗಳನ್ನು ಹಿಂದಿನ ಮಧ್ಯಾಹ್ನವೇ ಕೈಯಿಂದ ತೆಗೆಯಬೇಕು. ಬೆಳಿಗ್ಗೆ ಇನ್ನೊಂದು ಗಿಡದ ಪರಾಗವನ್ನು ಅದರ ಶಲಾಕೆಗೆ ಸವರಬೇಕು. ಒಂದೊಂದೇ ಹೂವಿನ ಈ ಕೆಲಸವನ್ನು ಹೆಚ್ಚಾಗಿ ಮಾಡಿದವರು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು. ತಳಿಯ ಕೀರ್ತಿಯಲ್ಲಿ ಅವರಿಗೂ ಪಾಲಿದೆ.

ಹೆಸರಿನ ಗೊಡವೆ ಏಕೆ ಎನ್ನಬೇಡಿ. ಸಂಕರಣದ ಬೆಳೆಯಿಂದಲೇ ಬೀಜ ತೆಗೆದು ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು ಗಿಡಕ್ಕೊಂದು ತೆರನಾಗುತ್ತವೆ. ಮೆಂಡೆಲ್‌ನ ಬಟಾಣಿ ಪಾಠ ನೆನಪಿಸಿಕೊಳ್ಳಿ. ಆದ್ದರಿಂದ ರೈತ ಪ್ರತಿ ವರ್ಷ ಪೊಟ್ಟಣವನ್ನೇ ನಂಬಬೇಕು. ತಳಿ ಯಾವುದು, ಯಾರದು ಎಂಬುದು ಮಸುಕಾದ ಕಡೆ ಕಳಪೆ ಬೀಜ ನುಸುಳುವುದು ಸುಲಭ, ಹಾನಿಯಾದಾಗ ಕೇಳುವುದು ಕಷ್ಟ. ಈಗ ಮಕ್ಕಳನ್ನು 'ನಿಮ್ಮ ಹೊಲದ ಹತ್ತಿ ಯಾವುದು?' ಎಂದರೆ ಪೊಟ್ಟಣದ ಮೇಲಿನ ಕಂಪನಿಯ ಹೆಸರು ಹೇಳುತ್ತಾರೆ.

2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಳಿ ಸೃಷ್ಟಿಸಿದವರಿಗೆ ಹಕ್ಕು ಕೊಟ್ಟಿದೆ. ಜವಾರಿ ತಳಿಯನ್ನು ಕಾಪಾಡಿ ಬೆಳೆಸಿದ ರೈತನೂ ಅದನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು. ಆದರೆ ಕಾಯ್ದೆಯ ಕಡತದಲ್ಲಿ ಹೆಸರು ಇದ್ದರೆ ಸಾಲದು, ಊರಿನವರ ಬಾಯಲ್ಲಿ ಇರಬೇಕು.

ಗುಲಾಬಿ ಬೆಳೆಸುವವರಲ್ಲಿ ಈ ರೂಢಿ ಇದೆ. 'ಡಾ. ಹೋಮಿ ಭಾಭಾ' ಎಂಬ ಬಿಳಿ ಗುಲಾಬಿಗೆ ಅಣುವಿಜ್ಞಾನಿಯ ಹೆಸರು. ಅದನ್ನು ಸೃಷ್ಟಿಸಿದವರು ಗೋಧಿ ವಿಜ್ಞಾನಿ ಡಾ. ಬಿ.ಪಿ. ಪಾಲ್. ಗುಲಾಬಿಗಳ ಪಟ್ಟಿಯಲ್ಲಿ ತಳಿಯ ಮುಂದೆ ಅವರ ಹೆಸರೂ ಇರುತ್ತದೆ.

ನಮ್ಮ ಶಾಲೆಗಳ ಕೈತೋಟದಲ್ಲೂ ಇದನ್ನು ಆರಂಭಿಸಬಹುದು. ತಗಡಿನ ಚೂರೊಂದರ ಮೇಲೆ ಗಿಡದ ಹೆಸರು, ತಳಿ, ಸೃಷ್ಟಿಸಿದವರು, ವರ್ಷ ಎಂದು ನಾಲ್ಕು ಸಾಲು ಬರೆದು ನೆಡಿ. ರೈತರಿಂದ ತಂದ ಜವಾರಿ ಬೀಜವಾದರೆ ಅವರನ್ನು ಕೇಳಿ ಅವರ ಹೆಸರು, ಊರು ಬರೆಯಿರಿ. ಮುಂದಿನ ವರ್ಷ ಬರುವ ಮಕ್ಕಳು ಅದನ್ನು ಓದಿ ನೀರು ಹಾಕಲಿ.