ಮೊಳೆತ ರಾಗಿ

ಹೊಳಲ್ಕೆರೆಯ ಸೀಮೆಯಲ್ಲಿ ಕೂಸಿಗೆ ಆರು ತಿಂಗಳು ತುಂಬಿ, ತಾಯಹಾಲಿನೊಡನೆ ಬೇರೊಂದು ಆಹಾರವೂ ಬೇಕಾಗುವ ಹೊತ್ತಿಗೆ, ಮನೆಯ ಹಿರಿಯಳು ರಾಗಿಯನ್ನು ಹಸನುಮಾಡಿ ನೆನೆಯಿಡುವುದುಂಟು. ಇರುಳೆಲ್ಲ ನೆನೆದ ಕಾಳನ್ನು ಬಸಿದು, ಒದ್ದೆಬಟ್ಟೆಯಲ್ಲಿ ಗಂಟುಕಟ್ಟಿ ಮೊಳೆಯಿಸಿ, ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿದರೆ ಸರಿಹಿಟ್ಟು ಸಿದ್ಧವಾಗುತ್ತದೆ. ಇಷ್ಟೊಂದು ಶ್ರಮವೇಕೆಂದು ಕಾಲೇಜಿನಲ್ಲಿ ಓದಿ ಬಂದ ಸೊಸೆ ಕೇಳಿದರೆ, "ಹಾಗೇ ಬೀಸಿದ್ದು ಕೂಸಿಗೆ ಭಾರ ಕಣವ್ವ" ಎಂಬುದಷ್ಟೇ ಅತ್ತೆಯ ಉತ್ತರ.

ಈ 'ಭಾರ'ವೆಂಬ ಮಾತು ಹುಸಿಯಲ್ಲ. ಮೊಳೆಯಿಸದ ರಾಗಿಯ ಹಿಟ್ಟು ಕಾದೊಡನೆ ನೀರನ್ನು ಹೀರಿ ಉಬ್ಬಿ ಮುದ್ದೆಗಟ್ಟುತ್ತದೆ. ತೆಳ್ಳಗಾಗಲೆಂದು ನೀರೆರೆದರೆ ಕೂಸಿನ ಕಿರಿಯ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಹೊಟ್ಟೆ ತುಂಬಿದರೂ ಮೈ ತುಂಬದು. ಎಷ್ಟೋ ಮಕ್ಕಳು ಸೊರಗುವುದು ಈ ವಯಸ್ಸಿನಲ್ಲಿಯೇ ಅಲ್ಲವೆ?

ಮೊಳಕೆಯಿಂದ ಇದು ನೀಗುವ ಬಗೆಯನ್ನು ತಿಳಿಯಬೇಕಾದರೆ ಕಾಳಿನ ಒಳಗನ್ನು ನೋಡಬೇಕು. ಸಾವಿರ ರಾಗಿಕಾಳು ಕೂಡಿದರೆ ತೂಕ ಸುಮಾರು 3 ಗ್ರಾಂ. ಇಷ್ಟು ಸಣ್ಣ ಕಾಳಿನಲ್ಲಿಯೂ ಅಸಂಖ್ಯ ಕೋಶಗಳುಂಟು. 1665ರಲ್ಲಿ ರಾಬರ್ಟ್ ಹುಕ್ ಎಂಬ ಆಂಗ್ಲ ಪಂಡಿತನು ಬೆಂಡಿನ ತುಂಡಿನಲ್ಲಿ ಕಂಡು ಹೆಸರಿಟ್ಟವು ಬರಿಯ ಖಾಲಿ ಗೂಡುಗಳು. ರಾಗಿಯ ಗೂಡುಗಳಾದರೋ ಖಾಲಿಯಲ್ಲ. ಮಧ್ಯದ ಹಿಟ್ಟಿನ ಭಾಗದ ಕೋಶಗಳು ಪಿಷ್ಟವನ್ನು ತುಂಬಿಕೊಂಡು ತಾವು ಸತ್ತಿವೆ. ಜೀವವಿರುವುದು ಒಂದು ಮಗ್ಗುಲಿನ ಅಂಕುರದಲ್ಲಿಯೂ ಹಿಟ್ಟನ್ನು ಸುತ್ತಿದ ತೆಳುವಾದ ಪದರದಲ್ಲಿಯೂ. ಕಣಜವೇನೋ ತುಂಬಿದೆ, ಆದರೆ ಅದಕ್ಕೆ ಬೀಗ ಹಾಕಿದೆ. ಪಿಷ್ಟವೆಂಬುದು ಸಕ್ಕರೆಯ ಸಣ್ಣ ಅಣುಗಳು ಸಾವಿರಗಟ್ಟಲೆ ಕೊಂಡಿಗೂಡಿದ ಸರಪಳಿ. ಅಂಕುರವು ಅದನ್ನು ಇಡಿಯಾಗಿ ಉಣ್ಣಲಾರದು.

ನೀರು ಒಳಹೊಕ್ಕೊಡನೆ ಜೀವಂತ ಕೋಶಗಳು ಎಚ್ಚರುತ್ತವೆ. ಕೋಶಕೇಂದ್ರದಲ್ಲಿ ಡಿ.ಎನ್.ಎ. ಎಂಬ ನೀಳವಾದ ಅಣುವಿನಲ್ಲಿ ವಂಶದ ಲೆಕ್ಕಪತ್ರವೆಲ್ಲ ಅಡಗಿದೆ; ರಾಗಿಯಲ್ಲಿ ಅದು 36 ವರ್ಣತಂತುಗಳಾಗಿ ಹಂಚಿಹೋಗಿದೆ. (ನಮ್ಮ ನಾಡಿನ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಮಂಡ್ಯದಲ್ಲಿ 'ಇಂಡಾಫ್' ತಳಿಗಳನ್ನು ಪಡೆದ 'ರಾಗಿ ಲಕ್ಷ್ಮಣಯ್ಯ'ನವರು ಬೆರಸಿದ್ದು ಈ ತಂತುಗಳನ್ನೇ. ಕಣ್ಣಿಗೆ ಕಾಣಲೊಲ್ಲದ ಆ ಹೂಗಳೊಡನೆ ಅವರು ಪಟ್ಟ ಪಾಡು ಬೇರೊಂದು ಲೇಖನಕ್ಕೆ ತಕ್ಕುದು.) ಆ ಪತ್ರದಿಂದ ಬೇಕಾದ ಒಂದು ಪುಟದ ನಕಲು ಹೊರಬರುತ್ತದೆ, ರೈಬೊಸೋಮುಗಳೆಂಬ ಕಿರುಗಮ್ಮಟಗಳು ಅದನ್ನು ಓದಿ, ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸಿ, ಅಮೈಲೇಸ್ ಎಂಬ ಕಿಣ್ವವನ್ನು ಕಟ್ಟುತ್ತವೆ. ಪಿಷ್ಟದ ಸರಪಳಿಯನ್ನು ಕತ್ತರಿಸುವ ಕತ್ತರಿ ಇದೇ. ಈ ಕೆಲಸಕ್ಕೆಲ್ಲ ಕೂಲಿ ಸಲ್ಲುವುದು ಎ.ಟಿ.ಪಿ. ಎಂಬ ನಾಣ್ಯದಲ್ಲಿ. ಭೀಮವರಮಿನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಫಿಸ್ಕೆಯೊಡನೆ ಹಾರ್ವರ್ಡಿನಲ್ಲಿಯೂ, ಲೋಮನ್ ಎಂಬವನು ಜರ್ಮನಿಯಲ್ಲಿಯೂ 1929ರಲ್ಲಿ ಇದನ್ನು ಗುರುತಿಸಿದರು. ರಾಗಿಯ ಅಂಕುರದಲ್ಲಿಯೂ ಅದನ್ನುಣ್ಣುವ ಕೂಸಿನ ತೋಳಿನಲ್ಲಿಯೂ ಚಲಾವಣೆಯಾಗುವ ನಾಣ್ಯವು ಒಂದೇ ಎಂಬುದು ಆಶ್ಚರ್ಯವಲ್ಲವೆ?

ಅಂಕುರವು ತನಗಾಗಿ ಮಾಡಿಕೊಂಡ ಕತ್ತರಿಯನ್ನು ಅಜ್ಜಿಯು ಕೂಸಿಗಾಗಿ ಕಸಿದುಕೊಳ್ಳುತ್ತಾಳೆ. ಮೊಳಕೆಯನ್ನು ಒಣಗಿಸಿದಾಗ ಬೆಳವಣಿಗೆ ನಿಲ್ಲುತ್ತದೆ, ಕಿಣ್ವ ಉಳಿಯುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿಟ್ಟರೆ, ಪಿಷ್ಟ ಉಬ್ಬುವ ಹೊತ್ತಿಗೆ ಸರಿಯಾಗಿ ಅಮೈಲೇಸ್ ಅದನ್ನು ತುಂಡರಿಸುತ್ತದೆ. ಕುದಿಯುವಾಗ ತಾನೂ ಅಳಿಯುತ್ತದೆ. ಸರಿ ತೆಳ್ಳಗೆ ಉಳಿಯುವುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ, ಕೂಸಿಗೆ ತುತ್ತೊಂದರಲ್ಲಿ ಹೆಚ್ಚು ಸತ್ತ್ವ ಸಲ್ಲುತ್ತದೆ. ಕಬ್ಬಿಣವನ್ನು ಮೈಗೆ ಹತ್ತಗೊಡದ ಫೈಟಿಕ್ ಆಮ್ಲವೂ ಮೊಳೆಯುವಾಗ ಕುಗ್ಗುತ್ತದೆ. ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ ಡಾ. ಎನ್. ಜಿ. ಮಲ್ಲೇಶಿ ಮೊದಲಾದವರು 1980ರ ದಶಕದಲ್ಲಿ ಮೊಳೆತ ರಾಗಿಯನ್ನೂ ಹೆಸರುಕಾಳನ್ನೂ ಬೆರಸಿ ಶಿಶುಗಳ ಆಹಾರವನ್ನು ಹವಣಿಸಿದ್ದು ಈ ಗುಣವನ್ನೇ ನೆಚ್ಚಿ.

ಹುರಿಯುವಾಗ ಮಾತ್ರ ಅವಸರ ಸಲ್ಲದು. ಘಮಘಮಿಸಲೆಂದು ಕಾಳನ್ನು ಕರಿಗಾಗುವಂತೆ ಹುರಿದರೆ ಕಿಣ್ವವು ಬಾಣಲೆಯಲ್ಲಿಯೇ ಕೆಡುತ್ತದೆ. ಅಂಗಡಿಯಲ್ಲಿ 'ಮೊಳಕೆ ರಾಗಿ' ಎಂದು ಮಾರುವ ಹಿಟ್ಟಿನಲ್ಲಿ ಅದು ಉಳಿದಿದೆಯೋ ಇಲ್ಲವೋ ಎಂಬುದನ್ನು ಚೀಟಿಯಿಂದ ತಿಳಿಯಲಾಗದು. ಆ ಹಿಟ್ಟನ್ನೂ ಬರಿಯ ರಾಗಿಹಿಟ್ಟನ್ನೂ ಸಮಪಾಲು ನೀರಿನಲ್ಲಿ ಬೇರೆಬೇರೆಯಾಗಿ ಕಾಯಿಸಿ, ಸೌಟನ್ನು ಎತ್ತಿ ನೋಡಿದರೆ ಸಾಕು; ಯಾವುದು ಧಾರೆಯಾಗಿ ಇಳಿಯುತ್ತದೆ, ಯಾವುದು ಅಂಟಿ ನಿಲ್ಲುತ್ತದೆ ಎಂಬುದು ಒಲೆಯ ಮುಂದೆಯೇ ಕಾಣುತ್ತದೆ.