ದುಡ್ಡು ಒಬ್ಬರ ಕೈಗೆ, ಸಾಮಾನು ಇನ್ನೊಬ್ಬರ ಕೈಯಲ್ಲಿ

ಲಾರಿ ಬಾಡಿಗೆ ಜಗಳ ತಿಪಟೂರಿನವರಾದ ನಮಗೆ ಹೊಸದಲ್ಲ. ಕೊಬ್ಬರಿ ತುಂಬಿಸಿದವರು ಬಾಡಿಗೆಯನ್ನು ಏಜೆಂಟ್ ಕೈಗೆ ಕೊಟ್ಟಿರುತ್ತಾರೆ, ಏಜೆಂಟ್ ಅದನ್ನು ಲಾರಿಯವನಿಗೆ ಮುಟ್ಟಿಸಿರುವುದಿಲ್ಲ. ಲಾರಿಯವನು ‘ಮೊದಲು ದುಡ್ಡು, ಆಮೇಲೆ ಮಾಲು’ ಅಂತ ಟಾರ್ಪಾಲ್ ಬಿಚ್ಚದೆ ನಿಂತುಬಿಡುತ್ತಾನೆ. 2023ರಲ್ಲಿ ನಮ್ಮ ಮನೆಗೆ ಬಂದದ್ದೂ ಇದೇ ಜಗಳ. ಲಾರಿ ಬದಲು ಹಡಗು, ಏಜೆಂಟ್ ಇದ್ದದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ.

ಅಕ್ಕ, ಭಾವ ಒಂಬತ್ತು ವರ್ಷ ಅಲ್ಲಿದ್ದರು. ಭಾವನ ಕೆಲಸ ಹೋಯಿತು. ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಮಕ್ಕಳ ಶಾಲೆ ಬಿಡಿಸಿ, ಕಾರು ಮಾರಿ, ಉಳಿದದ್ದನ್ನು 46 ಪೆಟ್ಟಿಗೆಗೆ ತುಂಬಿ, ಮನೆ ಸಾಮಾನು ಸಾಗಿಸುವ ಒಂದು ಕಂಪನಿಗೆ 4,200 ಡಾಲರ್ ಕಟ್ಟಿ ವಿಮಾನ ಹತ್ತಿದರು. ಪೆಟ್ಟಿಗೆಗಳಲ್ಲಿ ಪಾತ್ರೆ, ಪುಸ್ತಕಗಳ ಜೊತೆ ಅಕ್ಕನ ಎಂಬ್ರಾಯಿಡರಿ ಮೆಷಿನ್ ಇತ್ತು. ಅಲ್ಲಿನ ಕರೆಂಟಿಗೆ ಮಾಡಿದ್ದಾದರೂ ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸಬಹುದು, ಬ್ಲೌಸ್ ಕೆಲಸ ಹಿಡಿದರೆ ಸಂಸಾರ ನಡೆಯುತ್ತದೆ ಅಂತ ಅವಳ ಲೆಕ್ಕ. ಭಾವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುವವರೆಗೆ ಮನೆಯವರೆಲ್ಲ ಆ ಮೆಷಿನ್ ನಂಬಿದ್ದೆವು.

ಸಾಮಾನು ಚೆನ್ನೈಗೆ ಬಂದಿಳಿದ ಮೇಲೆ ಅಲ್ಲಿನ ಏಜೆಂಟ್ ಫೋನ್ ಮಾಡಿದರು. 2,900 ಡಾಲರ್ ಕಟ್ಟಿದರೆ ಮಾತ್ರ ಡೆಲಿವರಿ ಆರ್ಡರ್. ‘ಆಗಲೇ ಕಟ್ಟಿದ್ದೀವಲ್ಲ’ ಎಂದರೆ, ‘ನೀವು ಕಟ್ಟಿದ್ದು ಅವರಿಗೆ ಸಾರ್, ನಮಗಲ್ಲ’ ಎಂದರು. ನ್ಯೂಜೆರ್ಸಿಯ ಕಂಪನಿ ಮೊದಲು ‘ವಿಚಾರಿಸುತ್ತೇವೆ’ ಎಂದಿತು, ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿತು.

‘ನೀನು ಪೇಪರ್‌ನವನಲ್ಲವೇನೋ, ಬರಿ’ ಎಂದರು ಅಪ್ಪ. ಸ್ಟ್ರಿಂಗರ್‌ಗಳಾದ ನಮಗೆ ಇದು ದಿನಾ ಕೇಳುವ ಮಾತು. ಕಂದಾಯ ಇಲಾಖೆಯ ಗುಮಾಸ್ತರಿಗೆ, ಬೆಸ್ಕಾಂನವರಿಗೆ ನಾಲ್ಕು ಸಾಲಿನ ಸುದ್ದಿ ನಾಟುತ್ತದೆ. ನ್ಯೂಜೆರ್ಸಿಯಲ್ಲಿ ನಮ್ಮ ಜಿಲ್ಲಾ ಪುಟ ಓದುವವರು ಯಾರು? ಆದರೆ ಕಾಗದ ಓದುವ ಅಭ್ಯಾಸ ನಮಗಿತ್ತು. ಪಹಣಿ, ಟೆಂಡರ್ ಓದಿದ ಹಾಗೆಯೇ ಬಿಲ್ ಆಫ್ ಲೇಡಿಂಗ್ ಓದಲು ಕುಳಿತೆವು.

ಸರಕು ಸ್ವೀಕರಿಸಿದ್ದಕ್ಕೆ ಸಾಗಣೆದಾರರು ಕೊಡುವ ರಸೀದಿ ಅದು, ಸಾಗಣೆಯ ಕರಾರೂ ಅದರಲ್ಲೇ ಇರುತ್ತದೆ. ನಮ್ಮದರಲ್ಲಿ ಅಕ್ಕ ದುಡ್ಡು ಕೊಟ್ಟ ಕಂಪನಿಯ ಹೆಸರು ಸಾಗಣೆದಾರರ ಜಾಗದಲ್ಲಿ ಇರಲೇ ಇಲ್ಲ. ಅಲ್ಲಿದ್ದದ್ದು ಮೂರನೆಯ ಹೆಸರು, ಒಂದು ಎನ್‌ವಿಒಸಿಸಿ. ಸ್ವಂತ ಹಡಗಿಲ್ಲದೆ, ಹಡಗು ಕಂಪನಿಯಿಂದ ಜಾಗ ಕೊಂಡು, ಹಲವರ ಸರಕನ್ನು ಒಂದೇ ಕಂಟೇನರ್‌ಗೆ ತುಂಬಿ, ತನ್ನದೇ ಬಿಲ್ ಕೊಡುವ ಸಂಸ್ಥೆಗೆ ಹಾಗೆನ್ನುತ್ತಾರೆ. ಅಕ್ಕನ ದುಡ್ಡು ಅವರಿಗೆ ಮುಟ್ಟಿರಲಿಲ್ಲ. ಬಾಡಿಗೆ ಬಾಕಿ ಇದೆಯೆಂದು ಅವರು ಸಾಮಾನು ಹಿಡಿದಿದ್ದರು. ಅಲ್ಲಿಗೆ ಜಗಳ ಒಂದಲ್ಲ, ಎರಡು ಎಂಬುದು ಸ್ಪಷ್ಟವಾಯಿತು. ಸಾಮಾನು ಬಿಡಿಸಿಕೊಳ್ಳುವುದು ಒಂದು, ಹೋದ ದುಡ್ಡು ಕೇಳುವುದು ಇನ್ನೊಂದು.

ಮೊದಲನೆಯದಕ್ಕೆ ಗಡುವಿತ್ತು. ಬಂದರಿನ ಕಂಟೇನರ್ ಫ್ರೈಟ್ ಸ್ಟೇಷನ್‌ನಲ್ಲಿ ಉಚಿತ ದಿನಗಳು ಮುಗಿದ ಮೇಲೆ ನೆಲಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ. ನಮ್ಮ ಕಸ್ಟಮ್ಸ್ ಕಾಯ್ದೆಯ 48ನೇ ಕಲಮಿನ ಪ್ರಕಾರ, ಇಳಿಸಿದ 30 ದಿನದೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟಿಸ್ ಕೊಟ್ಟು ಮಾರಲೂಬಹುದು. ‘ಒಂದು ಪೈಸೆ ಕೊಡಲ್ಲ, ಕೋರ್ಟಿಗೆ ಹೋಗ್ತೀನಿ’ ಎನ್ನುತ್ತಿದ್ದ ಭಾವನಿಗೆ ಈ ಲೆಕ್ಕ ತೋರಿಸಿದ ಮೇಲೆ ಸುಮ್ಮನಾದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ಅದಕ್ಕೂ ದಿನಬಾಡಿಗೆ ನಾವೇ ಕಟ್ಟಬೇಕಿತ್ತು.

ಅಮೆರಿಕದಿಂದ ಹೊರಡುವ ಸಮುದ್ರ ಸಾಗಣೆಯ ಮೇಲೆ ಕಣ್ಣಿಡಲು ಅಲ್ಲಿ ಫೆಡರಲ್ ಮ್ಯಾರಿಟೈಮ್ ಕಮಿಷನ್ ಇದೆ. ಮನೆ ಸಾಮಾನಿನ ದೂರುಗಳ ಬಗ್ಗೆಯೇ 2010ರಲ್ಲಿ ಅದು ವಿಶೇಷ ತನಿಖೆ ಆರಂಭಿಸಿತ್ತು. ಅಂದರೆ ನಾವು ಮೊದಲಿಗರಲ್ಲ. ಅಲ್ಲಿನ ಎನ್‌ವಿಒಸಿಸಿಗಳು ಈ ಆಯೋಗದ ಪರವಾನಗಿ ಪಡೆದು, 75,000 ಡಾಲರ್‌ಗಳ ಜಾಮೀನು ಬಾಂಡ್ ಇಡಬೇಕು. ಪರವಾನಗಿ ಇದ್ದವರ ಪಟ್ಟಿ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಚೆನ್ನೈನಲ್ಲಿ ಸಾಮಾನು ಹಿಡಿದಿದ್ದ ಸಂಸ್ಥೆ ಆ ಪಟ್ಟಿಯಲ್ಲಿತ್ತು. ದುಡ್ಡು ನುಂಗಿದ ಕಂಪನಿ ಇರಲಿಲ್ಲ.

ಆಯೋಗದಲ್ಲಿ ಗ್ರಾಹಕರ ವ್ಯಾಜ್ಯ ಬಗೆಹರಿಸಲು ಒಂದು ವಿಭಾಗವಿದೆ. ಅದು ತೀರ್ಪು ಕೊಡುವುದಿಲ್ಲ, ಎರಡೂ ಕಡೆಯವರನ್ನು ಮಾತಿಗೆ ಕೂರಿಸುತ್ತದೆ, ಅದಕ್ಕೆ ಶುಲ್ಕವಿಲ್ಲ. ಕಂಪನಿಯ ಇನ್‌ವಾಯ್ಸ್, ಬ್ಯಾಂಕಿನ ವರ್ಗಾವಣೆ ಪ್ರತಿ, ಬಿಲ್ ಆಫ್ ಲೇಡಿಂಗ್, ಚೆನ್ನೈ ಏಜೆಂಟರ ಬೇಡಿಕೆ ಪತ್ರ, ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ ಒಂದೇ ಮೇಲ್ ಕಳಿಸಿದೆವು. ಬೈಗುಳ ಬರೆಯಲಿಲ್ಲ. ಕೇಳಿದ್ದು ಒಂದೇ: ನಿಜವಾದ ಬಾಡಿಗೆ ಎಷ್ಟು ಬಾಕಿ, ಮಿಕ್ಕದ್ದು ಯಾವ ಬಾಬ್ತು, ಬಿಡಿಸಿ ಹೇಳಿಸಿ.

ಆ ಪ್ರಶ್ನೆಯೇ ಕೆಲಸ ಮಾಡಿತು. ಬಾಬ್ತು ಬಿಡಿಸಿ ಬರೆಯಬೇಕಾದಾಗ 2,900 ಇದ್ದದ್ದು 1,850 ಆಯಿತು. ಅಮ್ಮನ ಬಳೆಗಳನ್ನು ಸೊಸೈಟಿಯಲ್ಲಿ ಅಡ ಇಟ್ಟು, ‘ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇವೆ, ಹಕ್ಕು ಬಿಟ್ಟುಕೊಟ್ಟಿಲ್ಲ’ ಎಂದು ಬರೆದು ಕಟ್ಟಿದೆವು. ನೆಲಬಾಡಿಗೆ ಬೇರೆ ಕಟ್ಟಿದ್ದಾಯಿತು. ಬಂದದ್ದು 44 ಪೆಟ್ಟಿಗೆ. ಎರಡು ಕಡಿಮೆ ಎಂದು ರಸೀದಿಯ ಮೇಲೆಯೇ ಬರೆದು ಸಹಿ ಮಾಡಿದೆವು. ಮೆಷಿನ್ ಬಂದಿತ್ತು. ಅಕ್ಕ ಮಿಕ್ಕದ್ದೆಲ್ಲ ಬಿಟ್ಟು ಮೊದಲು ಅದರ ಪೆಟ್ಟಿಗೆ ಕುಯ್ದಳು.

ಎರಡನೆಯ ಜಗಳ ಇನ್ನೂ ಇದೆ. 50,000 ಡಾಲರ್‌ವರೆಗಿನ ಪರಿಹಾರದ ಅರ್ಜಿಯನ್ನು ಆ ಆಯೋಗದಲ್ಲಿ ಸರಳ ವಿಧಾನದಲ್ಲಿ ಹಾಕಬಹುದು, ಅದಕ್ಕೆ ಮೂರು ವರ್ಷದ ಅವಧಿ. ಅಕ್ಕ ಹಾಕಿದ್ದಾಳೆ. ಪರವಾನಗಿ ಇಲ್ಲದ ಕಂಪನಿಗೆ ಬಾಂಡೂ ಇಲ್ಲ, ಆದ್ದರಿಂದ ಗೆದ್ದರೂ ವಸೂಲಿ ಕಷ್ಟ. ಕಳೆದ ಪೆಟ್ಟಿಗೆಗಳದ್ದು ಬೇರೆ ಲೆಕ್ಕ. ಅಮೆರಿಕದ 1936ರ ಕಾಯ್ದೆ ಪ್ರಕಾರ, ಬಿಲ್‌ನಲ್ಲಿ ಬೆಲೆ ನಮೂದಿಸದಿದ್ದರೆ ಪೆಟ್ಟಿಗೆಯೊಂದಕ್ಕೆ ಸಾಗಣೆದಾರರ ಹೊಣೆ 500 ಡಾಲರ್ ದಾಟುವುದಿಲ್ಲ, ದಾವೆಗೆ ಒಂದೇ ವರ್ಷ. ತಕರಾರು ಇಲ್ಲಿನ ಪ್ಯಾಕರ್ಸ್ ಮೇಲಾದರೆ ದಾರಿ ಹತ್ತಿರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು.

ಈಗ ಸುತ್ತಲಿನ ತಾಲ್ಲೂಕುಗಳಿಂದಲೂ ಫೋನ್ ಬರುತ್ತದೆ. ಮಗ ಡಲ್ಲಾಸ್‌ನಿಂದ ಬರುತ್ತಿದ್ದಾನೆ, ಸಾಮಾನು ಸಿಕ್ಕಿಬಿದ್ದಿದೆ, ಪೇಪರ್‌ನಲ್ಲಿ ಹಾಕಿ ಅಂತ. ಹಾಕುವುದು ಆಮೇಲೆ, ಮೊದಲು ಬಿಲ್ ಆಫ್ ಲೇಡಿಂಗ್ ಫೋಟೊ ಕಳಿಸಿ ಎನ್ನುತ್ತೇವೆ. ಇನ್ನೂ ಹೊರಡದವರಿಗಾದರೆ, ದುಡ್ಡು ಕಟ್ಟುವ ಮೊದಲು ಬಿಲ್ ಮೇಲೆ ಯಾರ ಹೆಸರು ಬರುತ್ತದೆ ಕೇಳಿ, ಆ ಹೆಸರು ಪಟ್ಟಿಯಲ್ಲಿದೆಯೇ ನೋಡಿ ಎನ್ನುತ್ತೇವೆ. ಹತ್ತು ನಿಮಿಷದ ಕೆಲಸ ಅದು.